ವೀರನಿಗೆ ಎರಡು ಕೋಟ್ ಎನಾಮೆಲ್

ಜಾತ್ರೆಗೆ ಇನ್ನೊಂದು ವಾರವಿದೆ ಎನ್ನುವಾಗ, ಕಾಳಗದಲ್ಲಿ ಮಡಿದವರ ನೆನಪಿಗೆ ನೆಟ್ಟ ವೀರಗಲ್ಲುಗಳನ್ನು ಉಳಿಸುವ ಟ್ರಸ್ಟ್ ನಡೆಸುವವರ ಫೋನಿಗೆ ಒಂದು ಫೋಟೊ ತಪ್ಪದೆ ಬರುತ್ತದೆ. ‘ಸಾರ್, ನಮ್ಮೂರ ಕಲ್ಲಿಗೆ ಕಳೆ ಬಂತು ನೋಡಿ.’ ಬಂದಿದೆ, ಇಲ್ಲವೆನ್ನಲಾಗದು. ಸಾವಿರ ವರ್ಷ ಬೂದು ಮೈಯಲ್ಲೇ ನಿಂತಿದ್ದ ವೀರ ರಾತ್ರೋರಾತ್ರಿ ಎನಾಮೆಲ್ ಪೇಂಟ್ ಬಳಿಸಿಕೊಂಡು ಗುಲಾಬಿಯಾಗಿದ್ದಾನೆ. ಈ ವಾರವೂ ಒಂದು ಬಂತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಇಂಥ ಟ್ರಸ್ಟಿನ ಅಧ್ಯಕ್ಷಗಿರಿ ಎಂದರೆ ಹೊಲದ ಬದು, ಭೂತಗನ್ನಡಿ, ಗಂಗರ ಕಾಲದ ಲಿಪಿ ಎಂದುಕೊಂಡವರಿಗೆ ಮೊದಲ ವರ್ಷ ಓದಲು ಸಿಗುವುದು ಆಡಿಟರ್ ಕಳಿಸಿದ ಪಟ್ಟಿ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಬೇಕು; ಎರಡು ಸಾವಿರ ದಾಟಿದ ನಗದಿಗೆ ಅದು ಸಿಗದು; ಯಾರು ಎಷ್ಟು ಕೊಟ್ಟರೆಂಬ ವಿವರ ಪ್ಯಾನ್ ನಂಬರಿನ ಸಮೇತ ಮೇ 31ರೊಳಗೆ ಇಲಾಖೆಗೆ ಹೋಗಬೇಕು. ಐನೂರು ರೂಪಾಯಿ ಕೊಟ್ಟ ಹಿರಿಯರು ಮಗಳ ಜಾತಕ ಕೇಳಿದರೆ ಕೊಟ್ಟಾರು, ಪ್ಯಾನ್ ಮಾತ್ರ ಕೊಡರು. ಹೋಗಲಿ, ಇದಕ್ಕೆಲ್ಲ ಆಡಿಟರ್ ಇದ್ದಾರೆ. ಎನಾಮೆಲ್ಲಿಗೆ ಯಾರಿದ್ದಾರೆ?

ಬಣ್ಣದವನ ಕೆಲಸ ನೋಡಬೇಕು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರ. ಅಪ್ಸರೆಯರಿಗೆ ಲಿಪ್‌ಸ್ಟಿಕ್ ಬೀಳುತ್ತದೆ. ವೀರನಿಗೆ ಸಿನಿಮಾ ಪೋಸ್ಟರಿನ ಮೀಸೆ. ಶತ್ರುವಿಗೂ ಅದೇ ಮೀಸೆ, ಬ್ರಶ್ ಒಂದೇ ಇದ್ದದ್ದರಿಂದ. ತುರುಗಾಳಗದ, ಅಂದರೆ ದನ ಬಿಡಿಸಲು ನಡೆದ ಕಾಳಗದ ಕಲ್ಲಾದರೆ ಹಸುಗಳಿರುತ್ತವೆ, ಅವಕ್ಕೆ ಬಿಳಿಯ ಮೇಲೆ ಕಪ್ಪು ಮಚ್ಚೆ. ಹತ್ತನೇ ಶತಮಾನದಲ್ಲಿ ಎಚ್‌ಎಫ್ ಎಂಬ ವಿಲಾಯತಿ ತಳಿಯ ಹಸುಗಳಿಗಾಗಿ ಪ್ರಾಣಬಿಟ್ಟ ವೀರ! ಹಾಲಿನ ಡೈರಿಯವರೇ ಅವನ ವಾರ್ಷಿಕ ಪೂಜೆ ವಹಿಸಿಕೊಳ್ಳಬಹುದು. ಇಷ್ಟಾದ ಮೇಲೂ ಡಬ್ಬಿಯಲ್ಲಿ ಹಳದಿ ಉಳಿದಿರುತ್ತದೆ. ಹಂತಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳಿರುತ್ತವಲ್ಲ, ಅವನ್ನು ಅವನು ‘ಎದ್ದು ಕಾಣುವ ಹಾಗೆ’ ತಿದ್ದುತ್ತಾನೆ. ಓದಲು ಬಾರದ ಕಡೆ ತನಗೆ ತೋಚಿದ್ದು. ಮುಂದೆ ಬರುವ ಶಾಸನತಜ್ಞರು ಓದುವುದು ಬಣ್ಣದವನ ಊಹೆಯನ್ನು.

ಬೇಗೂರಿನ ಸುಮಾರು ಕ್ರಿ.ಶ. 890ರ ಕಲ್ಲಿನಲ್ಲಿ ‘ಬೆಂಗಳೂರ ಕಾಳೆಗ’ ಎಂದು ಕೊರೆದಿರುವುದು ಕಾಣುತ್ತಿರುವುದರಿಂದ ಊರಿನ ಹೆಸರು ಅಷ್ಟು ಹಳೆಯದೆಂದು ಗೊತ್ತಾಯಿತು. ಆ ಸಾಲಿನ ಮೇಲೆ ಎರಡು ಕೋಟ್ ಬಿದ್ದಿದ್ದರೆ ಹೊಯ್ಸಳ ಬಲ್ಲಾಳನಿಗೆ ಮುದುಕಿ ಕೊಟ್ಟ ಬೆಂದಕಾಳನ್ನೇ ನಾವಿನ್ನೂ ಬೇಯಿಸುತ್ತಿದ್ದೆವು.

‘ಬಣ್ಣ ಕಲ್ಲನ್ನು ಕಾಪಾಡುತ್ತಲ್ವಾ?’ ಎನ್ನುತ್ತಾರೆ. ಇಲ್ಲ. ಕಲ್ಲು ಬುಡದಿಂದ ನೀರೆಳೆದು ಮೈಯಿಂದ ಆರಿಸಿಕೊಳ್ಳುತ್ತದೆ. ಎನಾಮೆಲ್ ಪದರ ಆ ದಾರಿ ಮುಚ್ಚುತ್ತದೆ. ಒಳಗೆ ಉಳಿದ ತೇವದ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಬಣ್ಣ ಉದುರುವಾಗ ಜೊತೆಗೆ ಅಕ್ಷರವೂ ಉದುರುತ್ತದೆ.

ಬಳಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು. ತೆಗೆಯುವುದಕ್ಕೆ ವಾರಗಳು. ಮೊದಲು ಗ್ರೈಂಡರ್, ತಂತಿ ಬ್ರಶ್, ಆಸಿಡ್ ಹಿಡಿದು ಬಂದ ಉತ್ಸಾಹಿಗಳಿಗೆ ಕಾಫಿ ಕೊಟ್ಟು ಕೂರಿಸಬೇಕು. ಆಮೇಲೆ ಅಕ್ಷರವಿಲ್ಲದ ಮೂಲೆಯಲ್ಲಿ ಎರಡಿಂಚು ಜಾಗಕ್ಕೆ ಪೇಂಟ್ ರಿಮೂವರ್ ಜೆಲ್ ಹಚ್ಚಿ ನೋಡಬೇಕು. ಕಲ್ಲಿಗೆ ಏನೂ ಆಗದಿದ್ದರೆ ಅಂಗೈಯಗಲ ಜಾಗ ಹಿಡಿದು ಜೆಲ್, ಮೆದುವಾದ ಮೇಲೆ ನೈಲಾನ್ ಬ್ರಶ್, ಅಕ್ಷರದ ಸಂದಿಗೆ ಬಿದಿರು ಕಡ್ಡಿ, ಕೊನೆಗೆ ಶುದ್ಧ ನೀರು. ಮತ್ತೆ ಜೆಲ್. ಮಲೆನಾಡಿನ ಬಳಪದ ಕಲ್ಲಾದರೆ ಉಗುರು ತಾಗಿದರೂ ಗೀರು ಬೀಳುತ್ತದೆ. ತಜ್ಞರು ಬರುವ ತನಕ ಕೈ ಕಟ್ಟಿ ನಿಲ್ಲುವುದೇ ಸೇವೆ. ಬಣ್ಣ ಹೋದ ಮೇಲೆ ಓದಲೆಂದು ಸೀಮೆಸುಣ್ಣ, ಮೈದಾಹಿಟ್ಟು ಉಜ್ಜುವವರೂ ಇದ್ದಾರೆ. ಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ತಾವೇ ಎದ್ದು ಕೂರುತ್ತವೆ.

ಬಣ್ಣದ ಅಣ್ಣ ಸಿಮೆಂಟು. ಕಲ್ಲು ವಾಲಿದೆ ಎಂದು ಕಟ್ಟೆ ಕಟ್ಟಿ ಬುಡಕ್ಕೆ ಕಾಂಕ್ರೀಟ್ ಸುರಿಯುತ್ತಾರೆ, ಮೇಲೆ ಬಚ್ಚಲಿಗೆ ತಂದು ಉಳಿದ ಟೈಲ್ಸ್. ಮುಳುಗುವುದು ಕೆಳಗಿನ ಸಾಲುಗಳು. ದತ್ತಿಯ ಶಾಸನವಾದರೆ ಶಾಪ ಇರುವುದು ಅಲ್ಲೇ. ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಲಿ ಎನ್ನುವ ಶ್ಲೋಕ ಟೈಲ್ಸಿನ ಕೆಳಗೆ. ಭೂಗಳ್ಳರಿಗೆ ಇಷ್ಟು ವ್ಯವಸ್ಥೆ ಮಾಡಿದ ಹಿರಿಯರು ಬಣ್ಣದವರಿಗೆಂದು ನೂರು ವರ್ಷವನ್ನಾದರೂ ತೆಗೆದಿಡಬಹುದಿತ್ತು.

ಬೈಯುತ್ತಾ ಹೋದರೆ ಒಂದು ಕಡೆ ಬಾಯಿ ಕಟ್ಟುತ್ತದೆ. ಪೂಜೆಯಿಲ್ಲದ ವೀರಗಲ್ಲುಗಳು ಎಲ್ಲಿವೆ? ಮೋರಿಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಲೇಔಟಿನ ಪಾಯದಲ್ಲಿ. 1961ರ ರಾಜ್ಯದ ಸ್ಮಾರಕ ಕಾಯ್ದೆ ಕಾಯುವುದು ಪಟ್ಟಿಯಲ್ಲಿ ಸೇರಿದ್ದನ್ನು. ಹೊಲದ ಬದುವಿನಲ್ಲಿ ನಿಂತಿರುವ ಬಹುಪಾಲು ಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ಹಸು ಬಿಡಿಸಲು ಹೋಗಿ ಸತ್ತವನಿಗೆ ಇಷ್ಟು ಕಾಲದ ಮೇಲೂ ಹೂವಿಡುತ್ತಿರುವವನು ಆ ಬಣ್ಣದ ಡಬ್ಬಿಯವನೇ. ವೀರನ ಹೆಸರು ಅವನಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೂ ಅವನೇ ಬಳಿದು ಮುಚ್ಚಿದ್ದಾನೆ, ಪ್ರೀತಿಯಿಂದ.

ಆದ್ದರಿಂದ ಎರಡನೇ ವರ್ಷದ ಬಜೆಟ್ಟಿನಲ್ಲಿ ಒಂದು ಗ್ರಿಲ್ ಸೇರಿಸಿಕೊಳ್ಳುವುದು ಲೇಸು. ಕಲ್ಲಿನಿಂದ ಎರಡಡಿ ದೂರ, ಒಂದು ಬೋಲ್ಟೂ ಕಲ್ಲಿಗೆ ತಾಗದಂತೆ, ಹೂವಿಡಲು ಒಂದು ಬಾಗಿಲು ಬಿಟ್ಟು. ರಕ್ಷಣೆಗೆ ಎಂದು ರಶೀದಿಯಲ್ಲಿ ಬರೆಯಿರಿ. ನಿಜದಲ್ಲಿ ಅದು ಬಣ್ಣಕ್ಕೆ. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬೇಕು, ಅದರ ಮೇಲೆ ಎರಡು ಕೋಟ್ ಬೇಕು, ಪ್ರತಿ ಜಾತ್ರೆಗೂ ಮತ್ತೆ ಬೇಕು. ಯಾವ ಬಣ್ಣ ಎಂಬ ಜಗಳವನ್ನು ಊರ ಸಮಿತಿಗೇ ಬಿಡಿ. ಜಾತ್ರೆ ಮುಗಿಯುವವರೆಗೂ ಅದು ಮುಗಿಯುವುದಿಲ್ಲ.