ಕಲ್ಲಿನ ಮನೆಗೆ ಸಿಮೆಂಟ್ ಬಳಿಯುವ ಮೊದಲು ಮಾಳಿಗೆ ಹತ್ತಿ ನೋಡಿ

ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆ ಹಳೆ ಕಲ್ಲಿನ ಮನೆ ರಿಪೇರಿ ಅಂದರೆ ಈಗ ಒಂದೇ ಕ್ರಮ: ಹೊರಗೋಡೆಯ ಸಂದಿಗೆ ಸಿಮೆಂಟ್, ಒಳಗೋಡೆಗೆ ಸಿಮೆಂಟ್ ಗಿಲಾವು, ದುಡ್ಡು ಉಳಿದರೆ ಮಾಳಿಗೆ, ಅಂದರೆ ಮರದ ತೊಲೆ, ಅಡ್ಡ ಜಂತಿಗಳ ಮೇಲೆ ಮಣ್ಣು ಹಾಸಿದ ಚಾವಣಿ. ಕೆಲಸ ಪೂರ್ತಿ ತಲೆಕೆಳಗು. ಮೊದಲು ಮಾಳಿಗೆ, ಆಮೇಲೆ ಗೋಡೆಯ ಒಳಗು, ಮೇಲಿನ ಚೆಂದ ಕಟ್ಟಕಡೆಗೆ.

ಎರಡೂವರೆ ಅಡಿ ದಪ್ಪದ ಗೋಡೆ, ಇದಕ್ಕೇನು ಆದೀತು ಅನ್ನುವವರು ಒಂದು ಕಲ್ಲು ಬಿಚ್ಚಿ ನೋಡಬೇಕು. ಒಳಮೈಗೊಂದು ಸಾಲು, ಹೊರಮೈಗೊಂದು ಸಾಲು, ನಡುವೆ ಚೂರುಗಲ್ಲು, ಮಣ್ಣು. ಲೆಕ್ಕಕ್ಕೆ ಎರಡು ತೆಳು ಗೋಡೆ. ಎರಡನ್ನೂ ಹಿಡಿದಿಡಲು ಈ ಮೈಯಿಂದ ಆ ಮೈವರೆಗೆ ಮುಟ್ಟುವ ಉದ್ದ ಕಲ್ಲು, ಅಂದರೆ ಹೆಡರ್, ಬೇಕು. ಎಷ್ಟೋ ಮನೆಗಳಲ್ಲಿ ಅದು ಮೂಲೆ ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ. ಮಾಳಿಗೆ ಸೋರಿ ನೀರು ನಡುವಿನ ಮಣ್ಣಿಗೆ ಇಳಿದರೆ ಆ ಮಣ್ಣು ಕುಸಿದು ಕೆಳಗೆ ಕೂರುತ್ತದೆ, ಕೂತಲ್ಲೇ ಎರಡೂ ಮೈಗಳನ್ನು ಆಚೆ ಈಚೆ ತಳ್ಳುತ್ತದೆ. ಗೋಡೆಗೆ ಹೊಟ್ಟೆ ಬರುವುದು ಹೀಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿದಾಗ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥ ಗೋಡೆ, ಇಂಥ ಮಾಳಿಗೆ. ಬೀದರ್, ಕಲಬುರಗಿ ಅಲ್ಲಿಂದ ದೂರವೇನಲ್ಲ.

ಮಾಳಿಗೆಯ ಭಾರ ಲೆಕ್ಕ ಹಾಕಿ. ಸೋರಿತು ಅಂತ ಮಳೆಗಾಲಕ್ಕೆ ಮುಂಚೆ ಪದರದ ಮೇಲೆ ಪದರ ಮಣ್ಣು ಹಾಕುತ್ತ ಒಂದು ಅಡಿ ಇದ್ದದ್ದು ಒಂದೂವರೆ ಆಗಿರುತ್ತದೆ. ಒಂದು ಅಡಿ ದಪ್ಪದ ಮಣ್ಣೇ ಚದರ ಅಡಿಗೆ 45ರಿಂದ 50 ಕೆಜಿ. 10ಕ್ಕೆ 12ರ ಕೋಣೆಯ ಮೇಲೆ ಐದೂವರೆಯಿಂದ ಆರು ಟನ್, ನೆನೆದರೆ ಇನ್ನೂ ಹೆಚ್ಚು. ಇದನ್ನು ಇಳಿಸುವ ಮುಂಚೆ ಪ್ರತಿ ತೊಲೆಗೂ ಕೆಳಗಿನಿಂದ ಟೇಕು, ಅಂದರೆ ಆಸರೆ ಕಂಬ, ಕೊಡಿ. ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ತೆಗೆಯಿರಿ. ಅಗೆದದ್ದನ್ನು ಮಾಳಿಗೆ ಮೇಲೆಯೇ ಒಂದು ಮೂಲೆಗೆ ಗುಡ್ಡೆ ಹಾಕಿದರೆ ಜಂತಿ ಮುರಿಯುವುದು ಅಲ್ಲೇ.

ಮಣ್ಣು ಇಳಿದ ಮೇಲೆ ತೊಲೆಯ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ನಡುವೆ ಕಬ್ಬಿಣದಂತಿದ್ದ ಸಾಗವಾನಿ ಗೋಡೆಯೊಳಗಿನ ಒಂದಡಿಯಲ್ಲಿ ಹಿಟ್ಟಾಗಿರುತ್ತದೆ, ಒರಲೆ (ಗೆದ್ದಲು) ಹತ್ತುವುದೂ ಅಲ್ಲೇ. ಇಡೀ ತೊಲೆ ಬದಲಿಸಬೇಕಿಲ್ಲ. ಕೊಳೆತ ತುದಿ ಕತ್ತರಿಸಿ, ಎರಡೂ ಮಗ್ಗುಲಿಗೆ ಕಬ್ಬಿಣದ ಚಾನೆಲ್ ಇಟ್ಟು, ಗಟ್ಟಿ ಮರದ ಮೇಲೆ ಕನಿಷ್ಠ ಮೂರು ಅಡಿ ಬರುವಂತೆ ಬೋಲ್ಟ್ ಹಾಕಿಸಿ. ತುದಿಯ ಕೆಳಗೆ ಅಗಲ ಚಪ್ಪಡಿ ಇರಲಿ, ಸುತ್ತ ಅರ್ಧ ಇಂಚು ಗಾಳಿಗೆ ಬಿಡಿ. ಆ ಅರ್ಧ ಇಂಚನ್ನು ಸಿಮೆಂಟಿನಿಂದ ಮುಚ್ಚಿದರೆ ಮತ್ತೆ ಅದೇ ಕಥೆ. ಮಣ್ಣು ವಾಪಸ್ ಹಾಕುವುದಾದರೆ 8 ಇಂಚು ಸಾಕು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, 10 ಅಡಿಗೆ 3 ಇಂಚು ಇಳಿಜಾರು.

ಎಲ್ಲ ಕಿತ್ತು ಸ್ಲ್ಯಾಬ್ ಹಾಕಿಬಿಡೋಣ ಅನ್ನುವವರಿಗೆ ಒಂದು ಮಾತು. 5 ಇಂಚಿನ ಸ್ಲ್ಯಾಬ್ ಚದರ ಅಡಿಗೆ ಸುಮಾರು 30 ಕೆಜಿ, ಮಣ್ಣಿಗಿಂತ ಹಗುರವೇ. ತಪ್ಪು ಆಗುವುದು ಬೇರೆ ಕಡೆ. ಹಳೆ ಮನೆಯಲ್ಲಿ ಮಾಳಿಗೆಯ ಭಾರದ ದೊಡ್ಡ ಪಾಲು ಮರದ ಕಂಬ, ಕಂಬದ ತಲೆಯ ಮೇಲೆ ತೊಲೆ ಹೊರುವ ಬೋದಿಗೆಗಳ ಮೇಲೆ ನಿಂತಿರುತ್ತದೆ. ಹಾಲ್ ದೊಡ್ಡದಾಗಲಿ ಅಂತ ಕಂಬ ಕಿತ್ತರೆ ಅಷ್ಟೂ ಭಾರ ನಡುವೆ ಮಣ್ಣು ತುಂಬಿದ ಈ ಕಲ್ಲಿನ ಗೋಡೆಗೆ ಬರುತ್ತದೆ, ಅದೂ ಸ್ಲ್ಯಾಬ್ ಅನ್ನು ಒಳಸಾಲಿನ ಮೇಲಷ್ಟೇ ಕೂರಿಸಿದರೆ ಅರ್ಧ ಗೋಡೆಗೆ. ಹಾಕಲೇಬೇಕಿದ್ದರೆ ಗೋಡೆಯ ಪೂರ್ತಿ ಅಗಲಕ್ಕೆ, ನಾಲ್ಕೂ ಗೋಡೆ ಸುತ್ತಿ ಬರುವ ಕಾಂಕ್ರೀಟ್ ಪಟ್ಟಿ ಮೊದಲು ಹಾಕಿಸಿ. ಎರಡು ಸರಳಾದರೆ 3 ಇಂಚು ದಪ್ಪ, ನಾಲ್ಕಾದರೆ 6 ಇಂಚು. ಮೂಲೆಯಲ್ಲಿ ಸರಳು ತುಂಡಾಗಿ ನಿಲ್ಲದೆ ಬಾಗಿ ಮುಂದೆ ಹೋಗಬೇಕು.

ಹೆಡರ್ ಇಲ್ಲದ ಗೋಡೆಯನ್ನು ಕೆಡವದೆಯೇ ಹೊಲಿಯಬಹುದು. ಅಡ್ಡಕ್ಕೂ ಎತ್ತರಕ್ಕೂ ಮೀಟರಿಗೊಂದರಂತೆ ಗುರುತು ಹಾಕಿ, ಮೇಲಿನ ಸಾಲು ಅರ್ಧ ಮೀಟರ್ ಸರಿದಿರಲಿ. ಗುರುತಿನ ಕಲ್ಲಿನ ಸುತ್ತ ಮಣ್ಣು ಕೆರೆದು, ಸಣ್ಣ ಹಾರೆಯಿಂದ ಮೆಲ್ಲಗೆ ಅಲ್ಲಾಡಿಸಿ ಹೊರತೆಗೆಯಿರಿ. ಸುತ್ತಿಗೆ ಏಟು ಬೇಡ, ಪಕ್ಕದ ನಾಲ್ಕು ಕಲ್ಲು ಸಡಿಲಾಗುತ್ತವೆ. ಒಳಗಿನ ಮಣ್ಣನ್ನು ಕೈಯಿಂದ ತೆಗೆದು ಆಚೆ ಮೈವರೆಗೆ 3 ಇಂಚಿನ ತೂತು ಮಾಡಿ. ಅರ್ಧಕ್ಕೆ 1:2:4 ಕಾಂಕ್ರೀಟ್ (ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕು ಪಾಲು), ಅದರ ಮೇಲೆ ಎರಡೂ ತುದಿ ಕೊಕ್ಕೆಯಂತೆ ಬಗ್ಗಿಸಿದ 8 ಎಂಎಂ ಸರಳು, ಮೇಲೆ ಮತ್ತೆ ಕಾಂಕ್ರೀಟ್. ಹತ್ತು ದಿನ ನೀರು ಹಿಡಿಯಿರಿ. ಪಂಪ್ ಹಚ್ಚಿ ಸಿಮೆಂಟ್ ನೀರು ತುಂಬಿಸುತ್ತೇನೆ ಅನ್ನುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಆ ನೀರಿಗೆ ಒಳಗಿನ ಮಣ್ಣು ಕರಗುತ್ತದೆ, ಒತ್ತಡಕ್ಕೆ ಹೊಟ್ಟೆ ಇನ್ನಷ್ಟು ಮುಂದೆ ಬರುತ್ತದೆ.

ಹೊಟ್ಟೆ ಬಂದು ಎರಡು ಮೈ ಬೇರೆಯಾಗಿದ್ದರೆ ಹೊಲಿಗೆ ಸಾಲದು. ಟೇಕು ಕೊಟ್ಟು, ಮೂರು-ನಾಲ್ಕು ಅಡಿಯ ತುಂಡುಗಳಲ್ಲಿ, ಒಂದು ಬಿಟ್ಟು ಒಂದು ಬಿಚ್ಚಿ ಕಟ್ಟಬೇಕು.

ಇನ್ನು ಸಂದು ತುಂಬುವ ಕೆಲಸ. ಮಣ್ಣು ತುಂಬಿದ ಕಲ್ಲಿನ ಗೋಡೆ ಪಾಯದಿಂದ ನೀರು ಎಳೆದು ಸಂದಿನಿಂದ ಆರಿಸಿಕೊಳ್ಳುತ್ತದೆ. ಸಂದಿಗೆ ಸಿಮೆಂಟ್ ಬಿದ್ದರೆ ನೀರು ಕಲ್ಲಿನೊಳಗಿಂದಲೇ ಹೊರಬರಬೇಕು. ಮೆತ್ತನೆ ಮರಳುಗಲ್ಲಾದರೆ ಸವಳು (ಉಪ್ಪು) ಹತ್ತಿ ಪದರ ಪದರ ಉದುರುತ್ತದೆ, ಸಿಮೆಂಟ್ ಗೆರೆ ಮಾತ್ರ ಜೇಡರ ಬಲೆಯಂತೆ ಎದ್ದು ನಿಂತಿರುತ್ತದೆ. ಸಂದು ಒಂದು ಇಂಚು ಕೆರೆದು, ನೀರು ಚಿಮುಕಿಸಿ, ಕನಿಷ್ಠ ಹದಿನೈದು ದಿನ ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲೆಸಿ ಒತ್ತಿ ತುಂಬಿ. ಗೋಡೆ ಬುಡದಲ್ಲಿ ರಸ್ತೆ ಎತ್ತರವಾಗಿ ನೀರು ನಿಲ್ಲುತ್ತಿದ್ದರೆ ಅದಕ್ಕೂ ಮುಂಚೆ ಎರಡಡಿ ದೂರದಲ್ಲಿ ಚರಂಡಿ ತೆಗೆಸಿ, ಪಾಯದ ತಳಕ್ಕಿಂತ ಕೆಳಗೆ ಹೋಗದಂತೆ.

ಸುಣ್ಣದ ಕೆಲಸ ದೀಪಾವಳಿ ಮುಗಿದ ಮೇಲೆ, ಯುಗಾದಿಯೊಳಗೆ. ಏಪ್ರಿಲ್ ಬಿಸಿಲಿಗೆ ಬಿದ್ದರೆ ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ನಾಲ್ಕು ಸಲ ನೆನೆಸಬೇಕಾಗುತ್ತದೆ, ಒಂದು ವಾರ. ಆ ಕೂಲಿಯನ್ನು ಎಸ್ಟಿಮೇಟಿನಲ್ಲಿ ಯಾರೂ ಬರೆದಿರುವುದಿಲ್ಲ, ನೀವೇ ಕೇಳಿ ಬರೆಸಿಕೊಳ್ಳಿ.