ಸ್ಪಷ್ಟನೆ: ನಿಂಟೆಂಡೊ 64 ಬೋರ್ಡಿಗೆ ಲಿಥಿಯಂ ಸೆಲ್ ನೇರವಾಗಿ ಕೊಡಬೇಡಿ

ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಕನ್ಸೋಲ್ ನಿಂಟೆಂಡೊ 64 ಅನ್ನು ಕೈಯಲ್ಲಿ ಹಿಡಿದು ಆಡುವಂತೆ ಮಾಡಲು 3.7 ವೋಲ್ಟಿನ ಒಂದು ಸೆಲ್ ಅನ್ನು 3.3 ವೋಲ್ಟ್ ಪಿನ್ನಿಗೆ ಬೆಸೆದರೆ ಸಾಕು ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಪೂರ್ತಿ ಚಾರ್ಜಾದ ಸೆಲ್ 4.2 ವೋಲ್ಟ್ ಕೊಡುತ್ತದೆ, ಚಿಪ್‌ಗಳು ಸುಟ್ಟುಹೋಗಬಹುದು.

ಮೂಲ ಅಡಾಪ್ಟರಿನ ಮೇಲೆಯೇ ಅಚ್ಚಾಗಿದೆ: 3.3 ವೋಲ್ಟ್ 2.7 ಆಂಪಿಯರ್, 12 ವೋಲ್ಟ್ 0.8 ಆಂಪಿಯರ್. ಹಾಗಾಗಿ ಸರಣಿಯಲ್ಲಿ ಎರಡು ಸೆಲ್, ಸೆಲ್‌ಗಳಿಗೆ ರಕ್ಷಣಾ ಬೋರ್ಡ್, ಕನಿಷ್ಠ 3 ಆಂಪಿಯರ್ ತಾಳುವ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸಾಧನ) ಬೇಕು. ನಿಂಟೆಂಡೊ ಬೋರ್ಡಿಗೆ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಈ ಕನ್ವರ್ಟರನ್ನು 3.3 ವೋಲ್ಟಿಗೆ ಹೊಂದಿಸಿ. 12 ವೋಲ್ಟಿಗೆ ಬೇರೆ ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸಾಧನ) ಬೇಕು. ಕೂದಲೆಳೆಯಂಥ ತಂತಿ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಕುಸಿದು ಆಟದ ನಡುವೆ ರೀಸೆಟ್ ಆಗುತ್ತದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಅಂದಹಾಗೆ, ಜಾಗ ಉಳಿಸಲೆಂದು ಜಂಪರ್ ಪ್ಯಾಕ್ (ಕನ್ಸೋಲಿನ ಮೆಮೊರಿ ಕಿಂಡಿಯಲ್ಲಿ ಕೂರುವ ಚಿಕ್ಕ ತುಂಡು) ಕಿತ್ತು ಕಿಂಡಿ ಖಾಲಿ ಬಿಟ್ಟರೆ ಬೋರ್ಡ್ ಚಾಲೂ ಆಗುವುದಿಲ್ಲ.