ಹೆಂಗಸರ ಜಿಮ್‌ಗೇ ಸೇರಿ, ಆದರೆ ಮೊದಲು ಅಲ್ಲಿರುವ ತೂಕಗಳನ್ನು ನೋಡಿ

ಮೈಸೂರಿನಲ್ಲಿ ನನಗೆ ಪರಿಚಯವಿರುವ ಹೆಣ್ಣುಮಕ್ಕಳು, ಅದರಲ್ಲೂ ನಲವತ್ತರ ಆಸುಪಾಸಿನವರು, ಜಿಮ್‌ಗೆ ಸೇರುವ ಯೋಚನೆ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಲ್ಲಿ ಗಂಡಸರೂ ಬರ್ತಾರಾ?" ಇದನ್ನು ಅನಗತ್ಯ ಸಂಕೋಚವೆಂದು ತಳ್ಳಿಹಾಕುವವರಿದ್ದಾರೆ. ನಾನು ತಳ್ಳಿಹಾಕುವುದಿಲ್ಲ. ಮೊದಲ ಬಾರಿಗೆ ವ್ಯಾಯಾಮ ಕಲಿಯಲು ಹೊರಟವರಿಗೆ ಮಹಿಳೆಯರಿಗಷ್ಟೇ ಮೀಸಲಾದ ಜಿಮ್ ಒಳ್ಳೆಯ ಆಯ್ಕೆ ಎಂದೇ ನಾನು ನಂಬಿದ್ದೇನೆ. ಆದರೆ ಗಂಡಸರಿಲ್ಲ ಎಂಬ ಒಂದೇ ಕಾರಣಕ್ಕೆ ಹಣ ಕಟ್ಟಿಬಿಡಬಾರದು. ಅಲ್ಲಿ ಎತ್ತಲು ಸಾಕಷ್ಟು ಭಾರವಿದೆಯೇ, ಅದನ್ನು ಎತ್ತುವ ಬಗೆಯನ್ನು ತಾಳ್ಮೆಯಿಂದ ಕಲಿಸುವವರಿದ್ದಾರೆಯೇ ಎಂಬುದನ್ನು ನೋಡಿಯೇ ತೀರ್ಮಾನಿಸಬೇಕು ಎಂಬುದು ಈ ಬರಹದ ಒಟ್ಟು ವಾದ.

ಹೆಂಗಸರ ಜಿಮ್ ಏಕೆ ಬೇಕು ಎಂಬುದಕ್ಕೆ ನಮ್ಮ ಊರಿನ ಚರಿತ್ರೆಯಲ್ಲೇ ಉತ್ತರವಿದೆ. ಮೈಸೂರು ಗರಡಿಮನೆಗಳ ಊರು. ಕೆಮ್ಮಣ್ಣಿನ ಅಖಾಡ, ಹನುಮಂತನ ಪಟ, ಕಲ್ಲುಗುಂಡು, ಗದೆ, ಸಾಮು ಎಲ್ಲವೂ ಇಲ್ಲಿ ತಲೆಮಾರುಗಳಿಂದ ಇದ್ದವು. ಆದರೆ ಅವೆಲ್ಲವೂ ಗಂಡುಮಕ್ಕಳಿಗಾಗಿ ಇದ್ದವು. ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳು ಅಖಾಡಕ್ಕಿಳಿಯುವುದನ್ನು ನಾವು ನೋಡತೊಡಗಿದ್ದು ಇತ್ತೀಚೆಗೆ. ಶಾಲೆಯ ಆಟದ ಪೀರಿಯಡ್‌ನಲ್ಲಿ ಮೈದಾನ ಹುಡುಗರದ್ದಾಗಿ, ನಾವು ನೆರಳಿನಲ್ಲಿ ಕುಳಿತು ಬೆಳೆದೆವು. ಹೀಗಾಗಿ ಕಾಲುಗಳನ್ನು ಅಗಲಿಸಿ ನಿಂತು, ಸೊಂಟವನ್ನು ಹಿಂದಕ್ಕೆ ತಳ್ಳಿ, ಎದೆಯನ್ನು ಎತ್ತಿ ಹಿಡಿದು ಕೂರುವ ಒಂದು ಸ್ಕ್ವಾಟ್ ಕೂಡ ನಮ್ಮಲ್ಲಿ ಬಹಳ ಮಂದಿಗೆ ಮೂವತ್ತೈದು ನಲವತ್ತು ವರ್ಷ ದಾಟಿದ ಮೇಲೆ ಕಲಿಯಬೇಕಾದ ಹೊಸ ವಿದ್ಯೆ. ಸಂಜೆ ಏಳು ಗಂಟೆಯ ಸಾಮಾನ್ಯ ಜಿಮ್‌ನಲ್ಲಿ, ರ‍್ಯಾಕ್ (ಭಾರದ ಸರಳನ್ನು ಇಡುವ ಚೌಕಟ್ಟು) ಯಾವಾಗ ಖಾಲಿಯಾಗುತ್ತದೆಂದು ಕಾದು ನಿಂತ ನಾಲ್ಕು ಮಂದಿ ಯುವಕರ ಎದುರು ಆ ವಿದ್ಯೆಯನ್ನು ತಪ್ಪುತ್ತಾ ಕಲಿಯುವುದು ಸುಲಭವಲ್ಲ. ಯಾರೂ ದಿಟ್ಟಿಸದಿರುವ, ದುಪಟ್ಟಾ ಸರಿಪಡಿಸಿಕೊಳ್ಳುವುದರ ಕಡೆಗೆ ಗಮನ ಹೋಗದಿರುವ ಜಾಗದಲ್ಲಿ ಕಲಿಯಬೇಕೆಂದು ಬಯಸುವುದು ದೌರ್ಬಲ್ಯವಲ್ಲ. ಗಮನವೆಲ್ಲ ಬೆನ್ನು ನೇರವಿದೆಯೇ, ಉಸಿರು ಸರಿಯಿದೆಯೇ ಎಂಬುದರ ಮೇಲಿರಬೇಕಾದ ಹೊತ್ತಿನಲ್ಲಿ ಅದು ಬೇರೆಡೆ ಹರಿದರೆ ಪೆಟ್ಟಾಗುವುದು ನಮಗೇ.

ಇದು ಕೇವಲ ಮನಸ್ಸಿನ ನೆಮ್ಮದಿಯ ವಿಷಯವೂ ಅಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಭಾರತದ ವಯಸ್ಕ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಯ ದೈಹಿಕ ಚಟುವಟಿಕೆ ಸಾಲದು. ಗಂಡಸರಲ್ಲಿ ಈ ಪ್ರಮಾಣ ಶೇ. 42. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಮಹಿಳೆಯರ ಬಗ್ಗೆ ಹೇಳಿದ ಎರಡು ಸಂಗತಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಶೇ. 30ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜಿನ ಸಮಸ್ಯೆಯಿದೆ, ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ಜಿಮ್‌ನ ಬಾಗಿಲಿಗೆ ಬರುವ ಹೆಣ್ಣುಮಗಳು ದಪ್ಪವಿದ್ದಾಳೆಂದ ಮಾತ್ರಕ್ಕೆ ಗಟ್ಟಿಯಿದ್ದಾಳೆಂದಲ್ಲ. ಅವಳಿಗೆ ಬೇಕಾಗಿರುವುದು ಬರೀ ತೂಕ ಇಳಿಸುವ ಪ್ಯಾಕೇಜ್ ಅಲ್ಲ, ಶಕ್ತಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ಹೇಳುತ್ತದೆ. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವ ನೂರಾರು ಹೆಂಗಸರು ಮೊದಲನೆಯದನ್ನು ಚೆನ್ನಾಗಿಯೇ ಪಾಲಿಸುತ್ತಿದ್ದಾರೆ. ಎರಡನೆಯದು ನಡಿಗೆಯಿಂದ ದೊರೆಯುವುದಿಲ್ಲ.

ನನಗೆ ಬೇಸರವಿರುವುದು ಇಲ್ಲಿಯೇ. ಶಕ್ತಿಯನ್ನು ಕಟ್ಟಿಕೊಡಬೇಕಾದ ಹೆಂಗಸರ ಜಿಮ್‌ಗಳು ಅನೇಕ ಕಡೆ ಅದನ್ನೇ ಬಿಟ್ಟು ಉಳಿದದ್ದೆಲ್ಲವನ್ನೂ ಇಟ್ಟುಕೊಂಡಿವೆ. ಗುಲಾಬಿ ಬಣ್ಣದ ಗೋಡೆ, ಸಾಲಾಗಿ ಟ್ರೆಡ್‌ಮಿಲ್‌ಗಳು, ಸೊಂಟಕ್ಕೆ ಸುತ್ತಿಕೊಂಡು ನಡುಗಿಸುವ ಬೆಲ್ಟ್ ಯಂತ್ರ, ಜುಂಬಾ ಎಂಬ ಕುಣಿತದ ವ್ಯಾಯಾಮಕ್ಕೆ ಜಾಗ, ಮೂಲೆಯಲ್ಲೊಂದು ಸ್ಟ್ಯಾಂಡಿನಲ್ಲಿ ಐದು ಕೆ.ಜಿ.ಗೇ ಮುಗಿದುಹೋಗುವ ಡಂಬೆಲ್‌ಗಳು. ಇದಕ್ಕಿಂತ ಭಾರದ್ದು ಬೇಕೆಂದರೆ "ಲೇಡೀಸ್‌ಗೆ ಇಷ್ಟು ಸಾಕು ಮೇಡಂ" ಎಂಬ ಉತ್ತರ ಬರುತ್ತದೆ. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್‌ನಲ್ಲಿ 14.2 ಕೆ.ಜಿ. ಅನಿಲವಿರುತ್ತದೆ, ಖಾಲಿ ಸಿಲಿಂಡರ್‌ನ ತೂಕವೂ ಸೇರಿದರೆ ಅದು ಮೂವತ್ತು ಕೆ.ಜಿ.ಯ ಹತ್ತಿರವಾಗುತ್ತದೆ. ಅದನ್ನು ವಾಲಿಸಿ, ಉರುಳಿಸಿ ಒಳಗೆ ತರುವವಳು ಹೆಂಗಸು. 25 ಕೆ.ಜಿ. ಅಕ್ಕಿ ಮೂಟೆಯನ್ನು ಬಾಗಿಲಿನಿಂದ ಉಗ್ರಾಣಕ್ಕೆ ಎಳೆಯುವವಳೂ ಅವಳೇ. ಮನೆಯಲ್ಲಿ ಈ ಭಾರವನ್ನು ಯಾವ ತರಬೇತಿಯೂ ಇಲ್ಲದೆ, ಬೆನ್ನು ಬಗ್ಗಿಸಿ ಎತ್ತುವವಳಿಗೆ ಜಿಮ್‌ನಲ್ಲಿ ಐದು ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ ಎಂದು ಹೇಳುವುದರಲ್ಲಿ ಯಾವ ಕಾಳಜಿಯಿದೆ? ಸರಿಯಾಗಿ ಎತ್ತುವುದು ಹೇಗೆಂದು ಕಲಿಸುವುದೇ ಅವಳ ಬೆನ್ನಿಗೆ ಮಾಡುವ ಉಪಕಾರ. ಡೆಡ್‌ಲಿಫ್ಟ್ ಎಂಬ ವ್ಯಾಯಾಮ ಕಲಿಸುವುದು ನೆಲದ ಮೇಲಿನ ಭಾರವನ್ನು ಬೆನ್ನಿಗೆ ಪೆಟ್ಟಾಗದಂತೆ ಎತ್ತುವ ಆ ಕ್ರಮವನ್ನೇ.

ಭಾರ ಎತ್ತಿದರೆ ಮೈಕಟ್ಟು ಗಂಡಸಿನಂತಾಗುತ್ತದೆ ಎಂಬ ಭಯ ಇನ್ನೂ ಬಹಳ ಮಂದಿಯಲ್ಲಿದೆ. ಸ್ನಾಯುವನ್ನು ಆ ಮಟ್ಟಕ್ಕೆ ಹಿಗ್ಗಿಸುವಲ್ಲಿ ಮುಖ್ಯ ಪಾತ್ರ ವಹಿಸುವ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ಗಂಡಸರಿಗಿಂತ ಹಲವು ಪಟ್ಟು ಕಡಿಮೆ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವುದರಿಂದ ಅಂಥದ್ದೇನೂ ತಾನಾಗಿ ಆಗಿಬಿಡುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಬೆಳ್ಳಿ ಗೆದ್ದದ್ದು 49 ಕೆ.ಜಿ. ದೇಹತೂಕದ ವಿಭಾಗದಲ್ಲಿ, ಎರಡು ಬಗೆಯ ಎತ್ತುವಿಕೆಗಳಲ್ಲಿ ಒಟ್ಟು 202 ಕೆ.ಜಿ. ಎತ್ತಿ. ಅವರ ಎತ್ತರವನ್ನೂ ಮೈಕಟ್ಟನ್ನೂ ಟಿವಿಯಲ್ಲಿ ನೋಡಿದ ಯಾರಿಗೂ ಈ ಭಯ ಉಳಿಯಬಾರದು.

ಇದಕ್ಕಿಂತ ನಿಜವಾಗಿ ಭಯಪಡಬೇಕಾದದ್ದು ಬೇರೆ ಇದೆ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಇಳಿದು, ಮೂಳೆಗಳು ವೇಗವಾಗಿ ಸವೆಯತೊಡಗುತ್ತವೆ. ಸ್ನಾಯುವೂ ವಯಸ್ಸಿನೊಂದಿಗೆ ಕರಗುತ್ತದೆ. ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಆಮೇಲೆ ಮೊದಲಿನಂತೆ ಓಡಾಡಲಾಗದೆ ಉಳಿದ ಅಜ್ಜಿಯರು, ಅತ್ತೆಯರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ಮೂಳೆಯ ಮೇಲೆ ಹಿತಮಿತವಾಗಿ, ಹಂತಹಂತವಾಗಿ ಭಾರ ಬಿದ್ದಾಗ ಅದು ಆ ಭಾರಕ್ಕೆ ತಕ್ಕಂತೆ ಗಟ್ಟಿಯಾಗಲು ಯತ್ನಿಸುತ್ತದೆ, ಸವೆತ ನಿಧಾನವಾಗುತ್ತದೆ. ಹಾಗಾಗಿ ಐವತ್ತು ದಾಟಿದವರಿಗೆ "ನಿಮಗೆ ವಾಕಿಂಗ್ ಸಾಕು" ಎನ್ನುವ ಟ್ರೈನರ್ ಇರುವ ಜಿಮ್ ಎಷ್ಟೇ ಚೊಕ್ಕಟವಾಗಿದ್ದರೂ ನಾನು ಯಾರಿಗೂ ಸೂಚಿಸುವುದಿಲ್ಲ. ನಮ್ಮ ಜಿಮ್‌ಗೆ ಬರುವ ನಿವೃತ್ತ ಶಿಕ್ಷಕಿಯೊಬ್ಬರು ನೆಲದ ಮೇಲೆ ಕುಳಿತರೆ ಕೈ ಊರದೆ ಏಳಲಾರದ ಸ್ಥಿತಿಯಲ್ಲಿದ್ದವರು. ಕುರ್ಚಿಯ ಮೇಲೆ ಕೂತು ಏಳುವುದರಿಂದ ಆರಂಭಿಸಿ, ಈಗ ಎದೆಗೆ ಡಂಬೆಲ್ ಹಿಡಿದು ಸ್ಕ್ವಾಟ್ ಮಾಡುತ್ತಾರೆ. ಅವರಿಗೆ ಮೊಮ್ಮಗುವನ್ನು ನೆಲದಿಂದ ಎತ್ತಿಕೊಳ್ಳಬೇಕಿತ್ತು, ಅಷ್ಟೇ. ಈಗ ಎತ್ತಿಕೊಳ್ಳುತ್ತಾರೆ.

ಟ್ರೈನರ್ ಹೆಂಗಸಾಗಿರುವುದು ಅನುಕೂಲವೇ ಹೊರತು ಅರ್ಹತೆಯಲ್ಲ. ಮೊದಲ ದಿನವೇ ಆಕೆ ನಿಮ್ಮನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವ ಮೊದಲು ಏನೇನು ಕೇಳುತ್ತಾಳೆ ಎಂಬುದನ್ನು ಗಮನಿಸಿ. ಸಿಸೇರಿಯನ್ ಆಗಿದೆಯೇ, ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳು ನಡುವೆ ಬೇರ್ಪಟ್ಟಿವೆಯೇ, ಕೆಮ್ಮಿದಾಗ ಮೂತ್ರ ಸೋರುವ ತೊಂದರೆಯಿದೆಯೇ, ಥೈರಾಯ್ಡ್, ಬಿ.ಪಿ., ಪಿಸಿಓಡಿ (ಅಂಡಾಶಯದ ಹಾರ್ಮೋನು ತೊಂದರೆ), ಮಂಡಿನೋವು ಇವೆಯೇ ಎಂದು ಕೇಳುವ ಟ್ರೈನರ್ ಸಿಕ್ಕರೆ ನೀವು ಪುಣ್ಯವಂತರು. ಈ ಮಾತುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಸಾಧ್ಯವಾಗುವುದೇ ಹೆಂಗಸರ ಜಿಮ್‌ನ ದೊಡ್ಡ ಲಾಭವೆಂದು ನನಗನ್ನಿಸುತ್ತದೆ. ಗಂಡಸು ಟ್ರೈನರ್ ಎಷ್ಟೇ ಸಜ್ಜನನಾಗಿದ್ದರೂ ನಮ್ಮಲ್ಲಿ ಬಹುಪಾಲು ಮಂದಿ ಸೋರಿಕೆಯ ವಿಷಯವನ್ನು ಅವನೆದುರು ಎತ್ತುವುದಿಲ್ಲ, ಎತ್ತದೆ ಜಿಗಿಯುವ ವ್ಯಾಯಾಮ ಮಾಡಿ ತೊಂದರೆಯನ್ನು ಹೆಚ್ಚಿಸಿಕೊಳ್ಳುತ್ತೇವೆ. ಸೇರುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಗರ್ಭಿಣಿಯಲ್ಲದ ಹೆಣ್ಣಿಗೆ ಅದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಸೋಮಾರಿತನವೆಂದು ಬೈಸಿಕೊಂಡು ಬದುಕಿದ ಎಷ್ಟೋ ಹೆಂಗಸರಿಗೆ ಮೊದಲು ಬೇಕಿರುವುದು ವೈದ್ಯರ ಸಲಹೆ ಮತ್ತು ಕಬ್ಬಿಣಾಂಶ. ಇನ್ನು ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುತ್ತೇನೆ ಎನ್ನುವವರ ಬಳಿ ಕೂರಲೇಬೇಡಿ. ದೇಹದ ಒಂದೇ ಭಾಗದ ಕೊಬ್ಬನ್ನು ಬೇಕಾದಂತೆ ಕರಗಿಸುವ ವ್ಯಾಯಾಮವಿಲ್ಲ, ಪ್ಲಾಸ್ಟಿಕ್ ಬೆಲ್ಟ್ ಸುತ್ತಿಕೊಂಡು ಬೆವರಿದರೆ ಇಳಿಯುವುದು ನೀರು ಮಾತ್ರ.

ಸಮಯ, ಶುಲ್ಕಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀವು ನಿತ್ಯ ಹೋಗಲಿರುವ ಗಂಟೆಯಲ್ಲೇ ಒಮ್ಮೆ ಹೋಗಿ ನೋಡಿ, ಕ್ಯಾಮೆರಾಗಳು ಎಲ್ಲಿವೆ, ಬಟ್ಟೆ ಬದಲಿಸುವ ಕೋಣೆ ಹೇಗಿದೆ ಎಂಬುದನ್ನು ಕಣ್ಣಾರೆ ಕಾಣಿ, ವರ್ಷದ ಮೆಂಬರ್‌ಶಿಪ್‌ಗೆ ಭಾರಿ ರಿಯಾಯಿತಿ ಎಂದರೂ ಮೊದಲು ಒಂದು ತಿಂಗಳಿಗಷ್ಟೇ ಕಟ್ಟಿ. ಹೆಂಗಸರ ಜಿಮ್ ಇಲ್ಲದ ಸಣ್ಣ ಊರುಗಳಲ್ಲಿ ಸಾಮಾನ್ಯ ಜಿಮ್‌ನವರೇ ಮಧ್ಯಾಹ್ನದ ಹೊತ್ತು ಲೇಡೀಸ್ ಬ್ಯಾಚ್ ನಡೆಸುವುದುಂಟು. ಅಲ್ಲಿ ಗಂಡಸರಿಗೆಂದು ಇಟ್ಟ ಪೂರ್ತಿ ಸಲಕರಣೆ ನಿಮಗೂ ಸಿಗುತ್ತದೆಂಬುದನ್ನು ಮರೆಯಬೇಡಿ. ಗುಲಾಬಿ ಗೋಡೆಯ ಜಿಮ್‌ಗಿಂತ ಅದು ಎಷ್ಟೋ ವಾಸಿಯಾಗಬಹುದು. ಬ್ಯಾಂಕಿಗೋ ಶಾಲೆಗೋ ಹೋಗುವವರಿಗೆ ಮಾತ್ರ ಆ ಹೊತ್ತು ಒದಗುವುದಿಲ್ಲ.

ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಜಿಮ್‌ಗಳಲ್ಲಿ ಹೆಂಗಸರಿಗೆ ಮಹಿಳಾ ಟ್ರೈನರ್‌ಗಳೇ ಇರಬೇಕೆಂಬ ಪ್ರಸ್ತಾವವನ್ನು ಉತ್ತರ ಪ್ರದೇಶದ ಮಹಿಳಾ ಆಯೋಗ 2024ರಲ್ಲಿ ಮುಂದಿಟ್ಟಾಗ ಅದನ್ನು ಸ್ವಾಗತಿಸಿದವರು ನನ್ನ ಗೆಳತಿಯರಲ್ಲೂ ಇದ್ದರು. ನಾನು ಒಪ್ಪುವುದಿಲ್ಲ. ಹೆಂಗಸರ ಜಾಗವನ್ನು ನಾನು ಆರಿಸಿಕೊಳ್ಳುವುದು ಬೇರೆ, ನನ್ನನ್ನು ಅಲ್ಲಿಗಷ್ಟೇ ಸೀಮಿತಗೊಳಿಸುವುದು ಬೇರೆ. ಇಂದು ಹೆಂಗಸರ ಜಿಮ್‌ನಲ್ಲಿ ಕಲಿತವಳು ನಾಳೆ ಅಲ್ಲಿನ ತೂಕಗಳು ಸಾಲದೆ ಸಾಮಾನ್ಯ ಜಿಮ್‌ಗೆ ಹೋಗಲು ಬಯಸಬಹುದು, ಅಲ್ಲಿ ಅವಳಿಗೆ ಒಳ್ಳೆಯ ಕೋಚ್ ಆಗಿ ಸಿಗುವವನು ಗಂಡಸೇ ಆಗಿರಬಹುದು.

ಹೆಂಗಸರ ಜಿಮ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಹೆಂಗಸರಿಗೆಂದೇ 15 ಕೆ.ಜಿ. ತೂಕದ, ಹಿಡಿತಕ್ಕೆ ತೆಳುವಾದ ಬಾರ್ (ಎರಡು ತುದಿಗೂ ಭಾರದ ಪ್ಲೇಟ್ ಸಿಕ್ಕಿಸುವ ಉದ್ದನೆಯ ಲೋಹದ ಸರಳು) ಇದೆ. ಗಂಡಸರದ್ದು 20 ಕೆ.ಜಿ. ನಿಮ್ಮಲ್ಲಿ ಟ್ರೆಡ್‌ಮಿಲ್‌ಗಳಿವೆ, ಕನ್ನಡಿಗಳಿವೆ, ಎ.ಸಿ. ಇದೆ. ಅವುಗಳ ನಡುವೆ ಈ 15 ಕೆ.ಜಿ. ಬಾರ್ ಒಂದನ್ನು, ಅದಕ್ಕೊಂದು ರ‍್ಯಾಕ್ ಅನ್ನು, ಸ್ವಲ್ಪಸ್ವಲ್ಪವೇ ಭಾರ ಏರಿಸಿಕೊಳ್ಳಲು ಒಂದೂಕಾಲು ಕೆ.ಜಿ.ಯ ಸಣ್ಣ ಪ್ಲೇಟ್‌ಗಳನ್ನು ತರಿಸಿಡಿ, ಅದನ್ನು ಕಲಿಸಬಲ್ಲ ಒಬ್ಬ ಹೆಣ್ಣುಮಗಳಿಗೆ ನಿಮ್ಮ ಖರ್ಚಿನಲ್ಲಿ ಸರಿಯಾದ ತರಬೇತಿ ಕೊಡಿಸಿ. ನಾನು ಹೊಸಬರಿಗೆ ನಿಮ್ಮ ಜಿಮ್‌ನ ವಿಳಾಸವನ್ನೇ ಕೊಡುತ್ತೇನೆ.